ಡಬ್ಬಿಯಲ್ಲೇ ಉಳಿದ ಕೆಂಪು ಮಾತ್ರೆ

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಬೆನ್ನಿಗೇ ಇರುವ ಹೆಗ್ಗನಹಳ್ಳಿ, ಲಗ್ಗೆರೆ, ಚೊಕ್ಕಸಂದ್ರದ ವಠಾರಗಳಲ್ಲಿ ಬೆಳಿಗ್ಗೆ ಏಳರಿಂದ ಎಂಟೂವರೆ ಎಂದರೆ ಉಸಿರಾಡಲೂ ಪುರುಸೊತ್ತಿಲ್ಲದ ಹೊತ್ತು. ನೀರು ಹಿಡಿದು, ಅನ್ನ ಸಾರು ಮಾಡಿ, ಮಧ್ಯಾಹ್ನದ ಬುತ್ತಿ ಕಟ್ಟಿಕೊಂಡು, ಗಾರ್ಮೆಂಟ್ಸ್ ಗೇಟು ಹಾಕುವ ಮೊದಲು ಒಳಗೆ ಸೇರಬೇಕು. ಮನೆಯಲ್ಲಿ ಬಸುರಿ ಇದ್ದರೆ ಅಡುಗೆಕಟ್ಟೆಯ ಮೇಲಿನ ಹಲಗೆಯಲ್ಲಿ, ಸಾಸಿವೆ ಡಬ್ಬಿ, ಹುಣಸೆಹಣ್ಣಿನ ಭರಣಿಯ ಪಕ್ಕ, ರಬ್ಬರ್ ಬ್ಯಾಂಡ್ ಸುತ್ತಿದ ಮಾತ್ರೆ ಪಟ್ಟಿಗಳ ಕಟ್ಟೂ ಇರುತ್ತದೆ. ಮೇಲಿನ ಪಟ್ಟಿಯಲ್ಲಿ ಮೂರೋ ನಾಲ್ಕೋ ಮಾತ್ರೆ ಖಾಲಿ. ಕೆಳಗಿನವು ಕೊಟ್ಟ ಹಾಗೇ ಇವೆ.

ಆಸ್ಪತ್ರೆಯ ಚೀಟಿಯಲ್ಲಿ ಇದರ ಹೆಸರು ಕಬ್ಬಿಣಾಂಶ ಮತ್ತು ಫೋಲಿಕ್ ಆಸಿಡ್. ಹೆಂಗಸರ ಬಾಯಲ್ಲಿ ಅದು ‘ರಕ್ತದ ಮಾತ್ರೆ’.

‘ಮಾತ್ರೆ ತಗೋತಿದೀಯೇನಮ್ಮ?’ ಎಂದು ಆಶಾ ಕಾರ್ಯಕರ್ತೆ ಕೇಳುತ್ತಾಳೆ. ‘ಹೂಂ ಅಕ್ಕ, ತಗೋತಿದೀನಿ’ ಎಂದು ಉತ್ತರ ಬರುತ್ತದೆ. ತಾಯಿ ಕಾರ್ಡಿನಲ್ಲಿ ಗುರುತು ಬೀಳುತ್ತದೆ. ಇಬ್ಬರಿಗೂ ನಿಜ ಗೊತ್ತು, ಇಬ್ಬರಿಗೂ ಹೊತ್ತಿಲ್ಲ.

ಅಲ್ಲಿಂದ ಸುಮಾರು ಮೂವತ್ತು ಕಿಲೋಮೀಟರ್ ಆಚೆ, ಐಟಿ ಉದ್ಯೋಗಿಗಳ ವೈಟ್‌ಫೀಲ್ಡ್‌ನಲ್ಲಿ, ಬಸುರಿಯಿರುವ ಅಪಾರ್ಟ್‌ಮೆಂಟಿನ ಊಟದ ಮೇಜು ಬೇರೆಯೇ ಕಥೆ ಹೇಳುತ್ತದೆ. ಅಲ್ಲಿ ಫೋಲಿಕ್ ಆಸಿಡ್, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಪುಡಿಯ ಪೊಟ್ಟಣ, ಮೀನೆಣ್ಣೆಯ ಕ್ಯಾಪ್ಸೂಲ್ ಎಲ್ಲ ಸಾಲಾಗಿ ಕೂತಿವೆ. ಜತೆಗೆ ಅತ್ತೆ ತಂದುಕೊಟ್ಟ ಚಾಕೊಲೇಟ್ ರುಚಿಯ ಪೇಯದ ಡಬ್ಬ, ಗೆಳತಿ ಕಳಿಸಿದ ಗಮ್ಮಿ, ಯಾವುದೋ ರೀಲ್ ನೋಡಿ ತರಿಸಿದ ಪ್ರೋಟೀನ್ ಪುಡಿ. ಒಂದೊಂದನ್ನೂ ಒಬ್ಬೊಬ್ಬರು ಹೇಳಿದ್ದಾರೆ. ಎಲ್ಲವನ್ನೂ ಒಟ್ಟಿಗೆ ನೋಡಿದವರು ಯಾರೂ ಇಲ್ಲ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು (2019-21) ಹೇಳುವಂತೆ ಕರ್ನಾಟಕದ ಗರ್ಭಿಣಿಯರಲ್ಲಿ ಶೇ 45.7ರಷ್ಟು ಮಂದಿಗೆ ರಕ್ತಹೀನತೆ ಇತ್ತು. ನಾಲ್ಕನೇ ಸುತ್ತಿನಲ್ಲಿ, ಅಂದರೆ 2015-16ರಲ್ಲಿ, ಅದು ಶೇ 45.4 ಇತ್ತು. ನಡುವೆ ಎಷ್ಟೋ ಯೋಜನೆ ಬಂದವು, ಅಂಕಿ ಮಾತ್ರ ಕದಲಲಿಲ್ಲ. ದೇಶದ ಮಟ್ಟದಲ್ಲಿ, ಬಸುರಿದ್ದಾಗ ಕಬ್ಬಿಣದ ಮಾತ್ರೆಯನ್ನು ನೂರು ದಿನವಾದರೂ ನುಂಗಿದವರು ಶೇ 44.1. ಸರ್ಕಾರ ಹೇಳುವ 180 ದಿನ ಪೂರೈಸಿದವರು ಶೇ 26 ಮಾತ್ರ. ಇದೂ ಬಾಯಿಮಾತಿನ ಲೆಕ್ಕ. ಆಶಾ ಅಕ್ಕನಿಗೆ ‘ಹೂಂ’ ಎಂದವರೂ ಇದರಲ್ಲಿ ಸೇರಿರಬಹುದು.

ಮಾತ್ರೆ ಇಲ್ಲವೆಂದಲ್ಲ. ಗರ್ಭಿಣಿಯರಿಗೆ ಕಬ್ಬಿಣದ ಮಾತ್ರೆ ಹಂಚುವ ರಾಷ್ಟ್ರೀಯ ಕಾರ್ಯಕ್ರಮ 1970ರಷ್ಟು ಹಳೆಯದು. 2018ರಲ್ಲಿ ಅದಕ್ಕೆ ‘ಅನೀಮಿಯಾ ಮುಕ್ತ ಭಾರತ’ ಎಂಬ ಹೊಸ ಹೆಸರು, ಹೊಸ ಬಣ್ಣ ಬಂತು. ಚಿಕ್ಕ ಮಕ್ಕಳಿಗೆ ಗುಲಾಬಿ, ಹದಿಹರೆಯದವರಿಗೆ ನೀಲಿ, ಬಸುರಿ ಬಾಣಂತಿಯರಿಗೆ ಕೆಂಪು. ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್. ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ. ಜತೆಗೆ ಕ್ಯಾಲ್ಸಿಯಂ ದಿನಕ್ಕೆರಡು. ನಡುವೆ ಒಮ್ಮೆ ಜಂತುಹುಳುವಿನ ಮಾತ್ರೆ. ಎಲ್ಲವೂ ಪುಕ್ಕಟೆ.

ಇಷ್ಟು ಕಬ್ಬಿಣ ಏಕೆ ಬೇಕು? ಬಸುರಿಯ ಮೈಯಲ್ಲಿ ರಕ್ತದ ಪ್ರಮಾಣ ಹೆಚ್ಚುಕಡಿಮೆ ಒಂದೂವರೆ ಪಟ್ಟಾಗುತ್ತದೆ. ಆದರೆ ಕೆಂಪುಕಣಗಳು ಅಷ್ಟು ವೇಗವಾಗಿ ಹೆಚ್ಚುವುದಿಲ್ಲ. ಸಾರಿಗೆ ನೀರು ಬೆರೆಸಿದಂತೆ ರಕ್ತ ತೆಳುವಾಗುತ್ತದೆ. ಅದರ ಮೇಲೆ ಮಗುವಿಗೆ, ಮಾಸಿಗೆ, ಹೆರಿಗೆಯಲ್ಲಿ ಹೋಗುವ ರಕ್ತಕ್ಕೆ ಎಂದು ಒಟ್ಟು ಒಂದು ಗ್ರಾಂನಷ್ಟು ಕಬ್ಬಿಣ ಬೇಕು. ಹದಿನಾರಕ್ಕೇ ಕೆಲಸಕ್ಕೆ ನಿಂತು, ಮುಟ್ಟಿನಲ್ಲಿ ಕಳೆದುಕೊಂಡದ್ದನ್ನು ಊಟದಲ್ಲಿ ತುಂಬಿಕೊಳ್ಳದೆ ಬಂದ ಹುಡುಗಿಯ ಮೈಯಲ್ಲಿ ಆ ಗಂಟು ಎಲ್ಲಿಂದ ಬರಬೇಕು? ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ರಕ್ತಹೀನತೆ, 7ಕ್ಕಿಂತ ಕೆಳಗಿಳಿದರೆ ತೀವ್ರ. ಅಂಥ ಸ್ಥಿತಿಯಲ್ಲಿ ಹೆರಿಗೆಗೆ ಹೋದವಳಿಗೆ ಸ್ವಲ್ಪ ಹೆಚ್ಚು ರಕ್ತಸ್ರಾವವಾದರೂ ತಡೆಯುವ ಶಕ್ತಿ ಇರುವುದಿಲ್ಲ.

ಬಯಕೆ ಎಂದು ಹಸಿ ಅಕ್ಕಿ, ಮಣ್ಣು, ಒಲೆಯ ಬೂದಿ ತಿನ್ನುವ ಬಸುರಿಯರನ್ನು ನೋಡಿ ಮನೆಯವರು ನಗುವುದುಂಟು. ಎಷ್ಟೋ ಸಲ ಅದು ಕಬ್ಬಿಣದ ಕೊರತೆ ಕೊಡುವ ಮುನ್ಸೂಚನೆ.

ಈ ಕೆಂಪು ಮಾತ್ರೆಯೊಳಗಿನ ಫೋಲಿಕ್ ಆಸಿಡ್‌ಗೂ ಬಟ್ಟೆ ಕಾರ್ಖಾನೆಯ ಹೆಂಗಸರಿಗೂ ಹಳೆಯ ನಂಟಿದೆ. 1928ರಲ್ಲಿ ಲಂಡನ್ನಿನ ವೈದ್ಯೆ ಲೂಸಿ ವಿಲ್ಸ್ ಮುಂಬೈಗೆ ಬಂದರು. ಅಲ್ಲಿನ ಜವಳಿ ಗಿರಣಿಗಳ ಬಸುರಿ ಕೆಲಸಗಾರ್ತಿಯರಲ್ಲಿ ವಿಚಿತ್ರ ಬಗೆಯ ರಕ್ತಹೀನತೆ ಕಾಣುತ್ತಿತ್ತು. ಅವರೇನು ತಿನ್ನುತ್ತಾರೆ, ಹೇಗೆ ಬದುಕುತ್ತಾರೆ ಎಂದು ಕೆದಕಿದ ಲೂಸಿ, ಕೊನೆಗೆ ಯೀಸ್ಟಿನಿಂದ ಮಾಡಿದ ಮಾರ್ಮೈಟ್ ಎಂಬ ಅಗ್ಗದ ಲೇಹ ಕೊಟ್ಟು ನೋಡಿದರು. ಹೆಂಗಸರು ಚೇತರಿಸಿಕೊಂಡರು. 1931ರಲ್ಲಿ ಅವರು ಅದನ್ನು ಪ್ರಕಟಿಸಿದಾಗ ಆ ಲೇಹದೊಳಗೆ ಕೆಲಸ ಮಾಡಿದ್ದೇನು ಎಂದು ಯಾರಿಗೂ ಗೊತ್ತಿರಲಿಲ್ಲ. ‘ವಿಲ್ಸ್ ಅಂಶ’ ಎಂದು ಕರೆದರು. ಅದೇ ಮುಂದೆ ಫೋಲೇಟ್ ಆಯಿತು. ಗಿರಣಿ ಹೆಂಗಸರ ಮೈಯಲ್ಲಿ ಪತ್ತೆಯಾದ ಔಷಧ ತೊಂಬತ್ತು ವರ್ಷದ ಮೇಲೂ ಗಾರ್ಮೆಂಟ್ಸ್ ಹೆಂಗಸರ ಹೊಟ್ಟೆಗೆ ಸರಿಯಾಗಿ ಸೇರುತ್ತಿಲ್ಲ.

ಫೋಲಿಕ್ ಆಸಿಡ್‌ನ ಇನ್ನೊಂದು ಗುಣ ಖಚಿತವಾದದ್ದು 1991ರಲ್ಲಿ. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಏಳು ದೇಶಗಳ 33 ಕೇಂದ್ರಗಳಲ್ಲಿ ನಡೆಸಿದ ಪರೀಕ್ಷೆಯಲ್ಲಿ, ಹಿಂದೆ ಬೆನ್ನುಹುರಿಯ ದೋಷವಿದ್ದ ಮಗು ಹೆತ್ತವರು ಮುಂದಿನ ಬಸುರಿಗೆ ಮೊದಲೇ ಇದನ್ನು ತೆಗೆದುಕೊಂಡರೆ ಆ ದೋಷ ಮರುಕಳಿಸುವುದು ಶೇ 72ರಷ್ಟು ತಗ್ಗಿತು. ಆದರೆ ಗರ್ಭ ಕಟ್ಟಿದ ಸುಮಾರು 28 ದಿನದೊಳಗೆ, ಮುಂದೆ ಮಿದುಳು ಬೆನ್ನುಹುರಿಗಳಾಗುವ ನರಕೊಳವೆ ಮುಚ್ಚಿಕೊಂಡಿರುತ್ತದೆ. ಮುಟ್ಟು ತಪ್ಪಿ, ಎರಡು ಗೆರೆ ನೋಡಿ, ಮನೆಯಲ್ಲಿ ಹೇಳಿ, ಆಸ್ಪತ್ರೆಗೆ ಹೋಗುವ ಹೊತ್ತಿಗೆ ಆ ಕೆಲಸ ಮುಗಿದೇ ಹೋಗಿರುತ್ತದೆ. ಹಾಗಾಗಿ ಫೋಲಿಕ್ ಆಸಿಡ್ ಮಾತ್ರೆಯನ್ನು ಮಗು ಬೇಕು ಎಂದುಕೊಂಡಾಗಲೇ ಶುರು ಮಾಡಬೇಕು. ವೈಟ್‌ಫೀಲ್ಡ್‌ನವರು ಗೂಗಲ್ ನೋಡಿ ಇಷ್ಟನ್ನು ತಿಳಿದುಕೊಂಡಿರುತ್ತಾರೆ. ಪೀಣ್ಯದಲ್ಲಿ ತಾಯಿ ಕಾರ್ಡ್ ಆಗುವುದೇ ಮೂರನೇ ತಿಂಗಳಿಗೋ ನಾಲ್ಕಕ್ಕೋ.

ಇನ್ನು, ಸಿಕ್ಕ ಮಾತ್ರೆಯನ್ನೂ ನುಂಗದಿರುವುದಕ್ಕೆ ಕಾರಣವೇನು? ‘ಅವರಿಗೆ ತಿಳಿವಳಿಕೆ ಇಲ್ಲ’ ಎಂಬುದು ಸಭೆಗಳಲ್ಲಿ ಕೇಳುವ ಸಿದ್ಧ ಉತ್ತರ. ಅದು ಸೋಮಾರಿ ಉತ್ತರವೂ ಹೌದು.

ಮಾನವಶಾಸ್ತ್ರಜ್ಞರಾದ ಮಾರ್ಕ್ ನಿಕ್ಟರ್ ಮತ್ತು ಮಿಮಿ ನಿಕ್ಟರ್ ದಂಪತಿ ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಇದ್ದು, ಬಸುರಿಯ ಊಟೋಪಚಾರದ ಬಗ್ಗೆ ಹೆಂಗಸರ ಸ್ವಂತ ಲೆಕ್ಕಾಚಾರವೇನು ಎಂದು ಕೇಳಿ 1983ರಲ್ಲಿ ಬರೆದರು. ಹೊಟ್ಟೆಯೊಳಗೆ ಊಟ, ಮಗು ಎರಡಕ್ಕೂ ಇರುವುದು ಒಂದೇ ಜಾಗ, ಒಂದು ಹೆಚ್ಚಾದರೆ ಇನ್ನೊಂದಕ್ಕೆ ಇಕ್ಕಟ್ಟು ಎಂಬುದು ಹಲವರ ನಂಬಿಕೆಯಾಗಿತ್ತು. ಮಗು ತೀರಾ ದಪ್ಪಗಾದರೆ ಹೆರಿಗೆ ಕಷ್ಟ ಎಂಬ ಭಯವೂ ಇತ್ತು. ನಾಲ್ಕು ದಶಕ ಕಳೆದ ಮೇಲೆ ಅದೇ ಭಯ ಬೆಂಗಳೂರಿನ ಇನ್ನೊಂದು ಕೈಗಾರಿಕಾ ಪ್ರದೇಶವಾದ ಬೊಮ್ಮಸಂದ್ರದ ಬಾಡಿಗೆ ಮನೆಯಲ್ಲೂ ಕೇಳಿಬರುತ್ತದೆ. ಮಗು ದಪ್ಪಗಾದರೆ ಸಿಸೇರಿಯನ್, ಸಿಸೇರಿಯನ್ ಎಂದರೆ ಖರ್ಚು, ಜತೆಗೆ ಬೇಗ ಕೆಲಸಕ್ಕೆ ಮರಳಲಾಗದ ಮೈ. ಈ ಲೆಕ್ಕದಲ್ಲಿ ತರ್ಕವಿಲ್ಲ ಎನ್ನುವಂತಿಲ್ಲ. ತಪ್ಪಿರುವುದು ಒಂದೇ ಕಡೆ. ಕಬ್ಬಿಣದ ಮಾತ್ರೆ ತಾಯಿಯ ರಕ್ತದ ಕೊರತೆ ತುಂಬುತ್ತದೆಯೇ ಹೊರತು ಮಗುವನ್ನು ಹೆರಲಾಗದಷ್ಟು ದಪ್ಪ ಮಾಡುವುದಿಲ್ಲ.

‘ಮಾತ್ರೆ ಉಷ್ಣ’, ‘ಮಗು ಕಪ್ಪಾಗುತ್ತೆ’ ಎಂಬ ಮಾತುಗಳೂ ಹೋಗಿಲ್ಲ. ಮಾತ್ರೆ ತಗೊಂಡವಳ ಮಲ ಕಪ್ಪಾಗುವುದಂತೂ ನಿಜ. ಅದು ಹೀರಿಕೆಯಾಗದೆ ಉಳಿದ ಕಬ್ಬಿಣ, ಅಷ್ಟೇ. ಇದೊಂದು ಮಾತನ್ನು ಮಾತ್ರೆ ಕೊಡುವಾಗಲೇ ಹೇಳಿದ್ದರೆ ಎಷ್ಟೋ ಪಟ್ಟಿಗಳು ಖಾಲಿಯಾಗುತ್ತಿದ್ದವು. ಕಪ್ಪಿನ ಭಯಕ್ಕೆ ಕೇಸರಿ ಹಾಲು ಪರಿಹಾರವೆಂದು ದುಡ್ಡು ಸುರಿಯುವವರು ಐಟಿ ಕಂಪನಿಗಳಲ್ಲೂ ಇದ್ದಾರೆ. ಈ ಒಂದು ವಿಷಯದಲ್ಲಿ ಪೀಣ್ಯಕ್ಕೂ ವೈಟ್‌ಫೀಲ್ಡ್‌ಗೂ ವ್ಯತ್ಯಾಸವಿಲ್ಲ.

ನಂಬಿಕೆಗಿಂತ ದೊಡ್ಡ ಅಡ್ಡಿ ಹೊಟ್ಟೆಯದೇ. ಕಬ್ಬಿಣದ ಮಾತ್ರೆ ಕೆಲವರಿಗೆ ವಾಕರಿಕೆ ತರುತ್ತದೆ, ಮಲಬದ್ಧತೆ ಮಾಡುತ್ತದೆ. ಮನೆಯಲ್ಲಿರುವವಳು ಹೇಗೋ ತಡೆದುಕೊಳ್ಳಬಹುದು. ಹೊಲಿಗೆ ಯಂತ್ರದ ಮುಂದೆ ಕೂತು ಗಂಟೆಗಿಷ್ಟು ಪೀಸು ಎಂಬ ಟಾರ್ಗೆಟ್ ಮುಗಿಸಬೇಕಾದವಳು ವಾಂತಿಗೆಂದು ಎಷ್ಟು ಸಲ ಎದ್ದು ಹೋಗಬಲ್ಲಳು? ಶೌಚಕ್ಕೆ ಹೋಗಬೇಕಾಗುತ್ತದೆ ಎಂದೇ ನೀರು ಕಡಿಮೆ ಕುಡಿಯುವವಳಿಗೆ ಮಲಬದ್ಧತೆ ಇನ್ನಷ್ಟು ಬಿಗಿಯುತ್ತದೆ. ಅವಳು ಸುಲಭವಾದ ದಾರಿ ಹಿಡಿಯುತ್ತಾಳೆ: ಮಾತ್ರೆ ಬಿಡುತ್ತಾಳೆ, ಕೆಲಸ ಉಳಿಸಿಕೊಳ್ಳುತ್ತಾಳೆ.

ಅಂಗನವಾಡಿಯಲ್ಲಿ ಬಸುರಿ ಬಾಣಂತಿಯರಿಗೆ ಮಧ್ಯಾಹ್ನದ ಬಿಸಿಯೂಟ ಕೊಡುವ ‘ಮಾತೃಪೂರ್ಣ’ ಯೋಜನೆಯನ್ನು ರಾಜ್ಯ ಸರ್ಕಾರ 2017ರ ಅಕ್ಟೋಬರ್ 2ರಂದು ಶುರು ಮಾಡಿತು. ಊಟದ ಜತೆ ಮೊಟ್ಟೆ, ಹಾಲು, ಕಡಲೆಬೀಜದ ಚಿಕ್ಕಿ. ಉಂಡ ಮೇಲೆ ಅಲ್ಲೇ ಕಬ್ಬಿಣದ ಮಾತ್ರೆ. ಒಳ್ಳೆಯ ಯೋಚನೆ. ಆದರೆ ಮಧ್ಯಾಹ್ನ ಒಂದಕ್ಕೆ ಅಂಗನವಾಡಿಗೆ ಹೋಗಿ ಕೂರುವುದು ಹಳ್ಳಿಯಲ್ಲಿರುವ ಬಸುರಿಗೆ ಸಾಧ್ಯ. ಆ ಹೊತ್ತಿಗೆ ಬೊಮ್ಮಸಂದ್ರದ ಕಾರ್ಖಾನೆಯೊಳಗೆ ಅರ್ಧ ಗಂಟೆಯ ಊಟದ ಬಿಡುವಿನಲ್ಲಿರುವವಳಿಗೆ ಅದು ಇದ್ದೂ ಇಲ್ಲ.

ಸರ್ಕಾರಿ ಔಷಧದ ಮೇಲಿನ ನಂಬಿಕೆಯ ಪ್ರಶ್ನೆಯೂ ಇದೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅವರಿಗೆ ಏರಿಸಿದ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಬಂದು ರಾಜ್ಯವೇ ಬೆಚ್ಚಿತು. ಅದಕ್ಕೂ ಕೆಂಪು ಮಾತ್ರೆಗೂ ಸಂಬಂಧವಿಲ್ಲ. ಆದರೆ ಟಿವಿಯಲ್ಲಿ ಆ ಸುದ್ದಿ ನೋಡಿದ ತಾಯಿ, ಬಸುರಿ ಮಗಳಿಗೆ ‘ಸರ್ಕಾರದ್ದು ಬೇಡ ಕಣೇ, ಮೆಡಿಕಲ್‌ನಲ್ಲಿ ಒಳ್ಳೇ ಟಾನಿಕ್ ತಗೋ’ ಎಂದರೆ ತಪ್ಪು ಯಾರದು? ದುಬಾರಿ ಟಾನಿಕ್ಕಿನಲ್ಲಿ ಪುಕ್ಕಟೆ ಮಾತ್ರೆಯಷ್ಟೂ ಕಬ್ಬಿಣ ಇರದೇ ಹೋಗಬಹುದು. ಬಾಟಲಿಯ ಹಿಂದಿನ ಸಣ್ಣಕ್ಷರವನ್ನು ಓದಿ ಹೇಳುವವರು ಬೇಕು.

‘ಮಾತ್ರೆ ಜಾಸ್ತಿಯಾಯ್ತು ಡಾಕ್ಟ್ರೇ’ ಎಂಬ ಬಸುರಿಯರ ದೂರು ಹೊಸದಲ್ಲ. ಅದನ್ನು ಗೊಣಗಾಟವೆಂದು ತಳ್ಳಿಹಾಕುವಂತಿಲ್ಲ ಎಂಬುದಕ್ಕೆ ಬೆಂಗಳೂರಿನಲ್ಲೇ ಸಾಕ್ಷಿ ಸಿಕ್ಕಿದೆ.

ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವ ಕಡೆ ಬಸುರಿಯರು ದಿನಕ್ಕೆ 1,500ರಿಂದ 2,000 ಮಿಲಿಗ್ರಾಂ ಕ್ಯಾಲ್ಸಿಯಂ ತೆಗೆದುಕೊಳ್ಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತ ಬಂದಿದೆ. ಬಸುರಿಯಲ್ಲಿ ರಕ್ತದೊತ್ತಡ ಏರಿ, ಮೂತ್ರದಲ್ಲಿ ಪ್ರೋಟೀನ್ ಹೋಗಿ, ಕೊನೆಗೆ ಫಿಟ್ಸ್ ಬರುವ ಅಪಾಯವಿರುವ ಪ್ರಿಎಕ್ಲಾಂಪ್ಸಿಯಾವನ್ನು ತಗ್ಗಿಸುವುದು ಅದರ ಉದ್ದೇಶ. 1,500 ಎಂದರೆ ದಿನಕ್ಕೆ ಮೂರು ದಪ್ಪ ಮಾತ್ರೆ, ಜತೆಗೆ ಕಬ್ಬಿಣದ್ದು ಬೇರೆ. ಕಬ್ಬಿಣ, ಕ್ಯಾಲ್ಸಿಯಂ ಒಟ್ಟಿಗೆ ನುಂಗುವಂತೆಯೂ ಇಲ್ಲ. ಭಾರತ ಎರಡು ಮಾತ್ರೆಗೆ, ಅಂದರೆ 1,000 ಮಿಲಿಗ್ರಾಂಗೆ ನಿಂತಿತು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯ ಪ್ರತಿಭಾ ದ್ವಾರಕಾನಾಥ್, ಅನುರಾ ಕುರ್ಪಾಡ್ ಮತ್ತವರ ಸಂಗಡಿಗರು, ಹಾರ್ವರ್ಡ್ ಮತ್ತು ತಾಂಜಾನಿಯಾದ ಸಂಶೋಧಕರೊಂದಿಗೆ ಸೇರಿ ಸರಳ ಪ್ರಶ್ನೆಯೊಂದನ್ನು ಹಾಕಿಕೊಂಡರು: ಮೂರರ ಜಾಗದಲ್ಲಿ ಒಂದು ಸಾಲದೇ?

ಬೆಂಗಳೂರಿನಲ್ಲಿ 11,000, ತಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲಿ 11,000 ಚೊಚ್ಚಲ ಬಸುರಿಯರು ಇದರಲ್ಲಿ ಪಾಲ್ಗೊಂಡರು. ಎಲ್ಲರೂ ದಿನಕ್ಕೆ ಮೂರು ಮಾತ್ರೆ ನುಂಗಿದರು. ಅರ್ಧ ಜನರಿಗೆ ಮೂರರಲ್ಲೂ ಕ್ಯಾಲ್ಸಿಯಂ, ಉಳಿದರ್ಧಕ್ಕೆ ಒಂದರಲ್ಲಿ ಮಾತ್ರ. ಮಿಕ್ಕೆರಡು ಬರೀ ಹಿಟ್ಟು. ಯಾರಿಗೆ ಯಾವುದು ಎಂದು ಕೊಟ್ಟವರಿಗೂ ಗೊತ್ತಿರಲಿಲ್ಲ, ತೆಗೆದುಕೊಂಡವರಿಗೂ ಗೊತ್ತಿರಲಿಲ್ಲ. ಫಲಿತಾಂಶ 2024ರ ಜನವರಿಯಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬಂತು. ಬೆಂಗಳೂರಿನಲ್ಲಿ 500 ಮಿಲಿಗ್ರಾಂ ತೆಗೆದುಕೊಂಡವರಲ್ಲಿ ಪ್ರಿಎಕ್ಲಾಂಪ್ಸಿಯಾ ಕಂಡದ್ದು ಶೇ 3.0, ಮೂರು ಪಟ್ಟು ತೆಗೆದುಕೊಂಡವರಲ್ಲಿ ಶೇ 3.6. ಅವಧಿಗೆ ಮುನ್ನ ಹೆರಿಗೆ ಶೇ 11.4 ಮತ್ತು ಶೇ 12.8. ಒಂದೇ ಮಾತ್ರೆ ಮೂರಕ್ಕಿಂತ ಕಡಿಮೆ ಕೆಲಸ ಮಾಡಲಿಲ್ಲ. ತಾಂಜಾನಿಯಾದಲ್ಲಿ ಪ್ರಿಎಕ್ಲಾಂಪ್ಸಿಯಾ ಮಟ್ಟಿಗೆ ಇದೇ ತೀರ್ಮಾನ; ಅವಧಿಪೂರ್ವ ಹೆರಿಗೆಯಲ್ಲಿ ಮಾತ್ರ ಅಷ್ಟು ಖಚಿತವಾಗಿ ಹೇಳಲು ಬರಲಿಲ್ಲ.

ಇದರಿಂದ ನಾಳೆಯಿಂದಲೇ ಎರಡರಲ್ಲಿ ಒಂದು ಮಾತ್ರೆ ಬಿಟ್ಟುಬಿಡಿ ಎಂದರ್ಥವಲ್ಲ; ಪ್ರಮಾಣ ಬದಲಿಸಬೇಕಾದವರು ವೈದ್ಯರು ಮತ್ತು ಸರ್ಕಾರ. ಆದರೆ ಮಾತ್ರೆ ಕಡಿಮೆ ಮಾಡಿದರೂ ಕೆಲಸ ನಡೆಯುತ್ತದೆ ಎಂಬುದಕ್ಕೆ 22,000 ಹೆಂಗಸರ ಸಾಕ್ಷಿ ದೊರೆತಂತಾಯಿತು; ಮಾತ್ರೆ ಕಡಿಮೆಯಾದರೆ ನುಂಗುವವರು ಹೆಚ್ಚಬಹುದು, ಸರ್ಕಾರಕ್ಕೆ ಖರ್ಚೂ ಇಳಿಯಬಹುದು. ಊಟದಿಂದಲೂ ಕ್ಯಾಲ್ಸಿಯಂ ಸಿಗುತ್ತದೆ: ಒಂದು ಮುದ್ದೆಗೆ ಬೇಕಾಗುವ ನೂರು ಗ್ರಾಂ ರಾಗಿ ಹಿಟ್ಟಿನಲ್ಲೇ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. 1978ರಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ಎಲೆಕ್ಟ್ರಾನಿಕ್ ಸಿಟಿಗೆಂದು ಆರಿಸಿಕೊಂಡ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ರಾಗಿಯ ಸೀಮೆಯವೇ. ಈಗ ಅಲ್ಲಿ ರಾಗಿ ಸಿಗುವುದು ಮಾಲ್ಟ್ ಡಬ್ಬದಲ್ಲಿ.

ವೈಟ್‌ಫೀಲ್ಡ್‌ನ ಮೇಜಿಗೆ ಮರಳೋಣ. ಅಲ್ಲಿರುವ ಎಲ್ಲವೂ ವ್ಯರ್ಥವಲ್ಲ. ದಿನವಿಡೀ ಏಸಿಯಲ್ಲಿ ಕೂತು, ಕ್ಯಾಬಿನಲ್ಲಿ ಮನೆ ಸೇರುವವಳಿಗೆ ವಿಟಮಿನ್ ಡಿ ಕೊರತೆಯಿರುವುದು ಸಹಜ. ಸಸ್ಯಾಹಾರಿಯಾದರೆ ಬಿ12 ಕೂಡ. ಅಪಾಯವಿರುವುದು ಎಣಿಕೆ ತಪ್ಪಿದಾಗ. ವಾರಕ್ಕೊಂದು ಎಂದು ಕೊಟ್ಟ 60,000 ಯೂನಿಟ್‌ನ ಡಿ ಪೊಟ್ಟಣವನ್ನು ದಿನಕ್ಕೊಂದರಂತೆ ಕುಡಿದು ಬರುವವರನ್ನು ವೈದ್ಯರು ನೋಡುತ್ತಲೇ ಇರುತ್ತಾರೆ. ವಿಟಮಿನ್ ಎ ಇನ್ನೂ ಸೂಕ್ಷ್ಮ. ರೆಟಿನಾಲ್ ರೂಪದ ಎ ದಿನಕ್ಕೆ 10,000 ಯೂನಿಟ್ ಮೀರಿದರೆ ಹುಟ್ಟುದೋಷದ ಅಪಾಯ ಹೆಚ್ಚುತ್ತದೆ ಎಂದು 1995ರಷ್ಟು ಹಿಂದೆಯೇ ಅಮೆರಿಕದ ದೊಡ್ಡ ಅಧ್ಯಯನವೊಂದು ಎಚ್ಚರಿಸಿತ್ತು. ಮಲ್ಟಿವಿಟಮಿನ್ ಒಂದು, ಕಾಡ್ ಲಿವರ್ ಎಣ್ಣೆ ಇನ್ನೊಂದು, ಗಮ್ಮಿ ಮತ್ತೊಂದು. ಮೂರರ ಮೇಲೂ ವಿಟಮಿನ್ ಎ ಎಂದಿದ್ದರೆ ಕೂಡಿಸಿ ನೋಡಲೇಬೇಕು.

‘ನಾಟಿ ಔಷಧ, ಏನೂ ಆಗಲ್ಲ’ ಎಂಬ ಧೈರ್ಯವೂ ಬೇಡ. 2011-12ರಲ್ಲಿ ನ್ಯೂಯಾರ್ಕ್ ನಗರದ ಆರೋಗ್ಯ ಇಲಾಖೆ ಆರು ಬಸುರಿಯರ ರಕ್ತದಲ್ಲಿ ಸೀಸದ ವಿಷ ಪತ್ತೆ ಮಾಡಿತು. ಆರೂ ಮಂದಿ ಭಾರತದಲ್ಲಿ ತಯಾರಾದ ಆಯುರ್ವೇದ ಔಷಧ ನುಂಗುತ್ತಿದ್ದರು.

ಪುಡಿ ಡಬ್ಬಗಳ ವಿಷಯ ಚುಟುಕಾಗಿ ಮುಗಿಸಬಹುದು. ‘ಹೆಲ್ತ್ ಡ್ರಿಂಕ್’ ಎಂಬ ವರ್ಗವೇ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಇಲ್ಲ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಆನ್‌ಲೈನ್ ಅಂಗಡಿಗಳಿಗೆ ಆ ಹಣೆಪಟ್ಟಿ ತೆಗೆಯಲು ಹೇಳಿತು. ಮರುತಿಂಗಳೇ ಬಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಆಹಾರ ಮಾರ್ಗಸೂಚಿ ಪ್ರೋಟೀನ್ ಪುಡಿಯಿಂದ ದೂರವಿರಿ ಎಂದಿತು. ಕೊನೆಯ ಮೂರು ತಿಂಗಳಲ್ಲಿ ಬಸುರಿಗೆ ಹೆಚ್ಚುವರಿ ಬೇಕಾದ್ದು ದಿನಕ್ಕೆ 22 ಗ್ರಾಂ ಪ್ರೋಟೀನ್. ಎರಡು ಮೊಟ್ಟೆ, ಒಂದು ಲೋಟ ಹಾಲು, ಒಂದು ಹಿಡಿ ಹುರಿಗಡಲೆಗೆ ಅದು ಹೆಚ್ಚುಕಡಿಮೆ ಆಗಿಹೋಗುತ್ತದೆ.

ಎರಡೂ ಕಡೆಯವರಿಗೆ ಸಮಾನ ಶತ್ರು ಎಂದರೆ ಕಾಫಿ, ಟೀ. 1983ರ ಅಮೆರಿಕನ್ ಅಧ್ಯಯನವೊಂದರಲ್ಲಿ ಊಟದ ಜತೆ ಕಾಫಿ ಕುಡಿದಾಗ ಕಬ್ಬಿಣದ ಹೀರಿಕೆ ಶೇ 39, ಟೀ ಕುಡಿದಾಗ ಶೇ 64ರಷ್ಟು ಕುಸಿಯಿತು. ಬೆಳಗಿನ ಫಿಲ್ಟರ್ ಕಾಫಿಯ ಜತೆ ಮಾತ್ರೆ ನುಂಗುವ ಟೆಕ್ಕಿಯೂ, ಹತ್ತು ಗಂಟೆಯ ಟೀ ಬಿಡುವಿನಲ್ಲಿ ನುಂಗುವ ಗಾರ್ಮೆಂಟ್ಸ್ ಹುಡುಗಿಯೂ ಕಬ್ಬಿಣವನ್ನು ಚರಂಡಿಗೆ ಚೆಲ್ಲಿದಂತೆಯೇ. ವಾಕರಿಕೆ ಬರುವವರು ರಾತ್ರಿ ಊಟವಾಗಿ ಒಂದು ಗಂಟೆಯ ಮೇಲೆ, ನಿಂಬೆ ಶರಬತ್ತಿನ ಜತೆ ತೆಗೆದುಕೊಂಡು ಮಲಗಿದರೆ ಬಹಳಷ್ಟು ಸಲ ಗೊತ್ತೇ ಆಗುವುದಿಲ್ಲ. ಕ್ಯಾಲ್ಸಿಯಂ ಬೆಳಿಗ್ಗೆ ತಿಂಡಿಯ ಜತೆ, ಮಧ್ಯಾಹ್ನ ಊಟದ ಜತೆ. ಅದಕ್ಕೂ ಕಬ್ಬಿಣಕ್ಕೂ ಎರಡು ಗಂಟೆಯಾದರೂ ಅಂತರವಿರಲಿ. ಇಷ್ಟು ಮಾಡಿಯೂ ತಾಳಿಕೊಳ್ಳಲು ಆಗದವರಿಗೆ, ಹಿಮೋಗ್ಲೋಬಿನ್ ಏರದವರಿಗೆ ರಕ್ತನಾಳಕ್ಕೇ ಕೊಡುವ ಕಬ್ಬಿಣದ ಇಂಜೆಕ್ಷನ್ ಸರ್ಕಾರಿ ಆಸ್ಪತ್ರೆಗಳಲ್ಲೂ ಇದೆ. ಪ್ರತಿ ತಿಂಗಳ 9ರಂದು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ನಡೆಯುವ ಉಚಿತ ತಪಾಸಣೆಯಲ್ಲಿ ಕೇಳಬಹುದು. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿರುವ ಕಾರ್ಖಾನೆ ಕೆಲಸಗಾರ್ತಿಯರಿಗೆ ಕಾರ್ಮಿಕರ ರಾಜ್ಯ ವಿಮೆ (ಇಎಸ್‌ಐ) ಇದೆ. ಪೀಣ್ಯದಲ್ಲೇ ಅದರ ಆಸ್ಪತ್ರೆಯೂ ಇದೆ.

ಮುಂದಿನ ತಪಾಸಣೆಗೆ ಹೋಗುವಾಗ ಮನೆಯಲ್ಲಿರುವ ಪಟ್ಟಿ, ಪೊಟ್ಟಣ, ಬಾಟಲಿ, ಪುಡಿ ಡಬ್ಬ ಎಲ್ಲವನ್ನೂ ಒಂದು ಕವರಿಗೆ ತುಂಬಿಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಸುರಿಯಿರಿ. ತಿಂದದ್ದೆಷ್ಟು, ಬಿಟ್ಟದ್ದೆಷ್ಟು, ಯಾಕೆ ಬಿಟ್ಟಿರಿ ಎಂದು ಮುಚ್ಚಿಡದೆ ಹೇಳಿ. ಮನೆಯಲ್ಲಿ ಇನ್ನೊಂದು ಚಿಕ್ಕ ಮಗುವಿದ್ದರೆ ಆ ಕೆಂಪು ಪಟ್ಟಿಯನ್ನು ಸಾಸಿವೆ ಡಬ್ಬಿಯ ಪಕ್ಕದಿಂದ ಎತ್ತಿ ಕೈಗೆಟುಕದ ಕಡೆ ಇಡಿ. ಸಕ್ಕರೆ ಲೇಪದ ಆ ಮಾತ್ರೆ ಮಕ್ಕಳ ಕಣ್ಣಿಗೆ ಪೆಪ್ಪರಮಿಂಟಿನಂತೆ ಕಾಣುತ್ತದೆ, ಒಂದು ಮುಷ್ಟಿ ನುಂಗಿದರೆ ಜೀವಕ್ಕೇ ಅಪಾಯ.